ಕೊಡಗಿನಿಂದ ವಿಮಾನ ಹಿಡಿಯುವುದಾದರೆ: ಕಣ್ಣೂರೋ, ಮಂಗಳೂರೋ, ಮೈಸೂರೋ, ಬೆಂಗಳೂರೋ?

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲು ಹಳಿಯೂ ಇಲ್ಲ. ಕೂಡಿಗೆಯ ಕಡೆ ಕಿರು ನಿಲ್ದಾಣ ಮಾಡುವ ಪ್ರಸ್ತಾವ ಆಗಾಗ ಸುದ್ದಿಯಾಗುತ್ತದೆ. ಆದರೆ ಇವತ್ತು ಟಿಕೆಟ್ ಬುಕ್ ಮಾಡಲು ಕೂತವರಿಗೆ ಅದರಿಂದ ಉಪಯೋಗವಿಲ್ಲ. ದುಬೈಗೆ ಕೆಲಸಕ್ಕೆ ಹೊರಟ ನಾಪೋಕ್ಲಿನ ಹುಡುಗ, ರಜೆ ಮುಗಿಸಿ ಗಡಿಗೆ ಮರಳುವ ಪೊನ್ನಂಪೇಟೆಯ ಸೈನಿಕ, ಹೈದರಾಬಾದಿನಲ್ಲಿರುವ ಮಗಳ ಮನೆಗೆ ಹೊರಟ ಸುಂಟಿಕೊಪ್ಪದ ದಂಪತಿ, ಎಲ್ಲರೂ ಜಿಲ್ಲೆಯ ಗಡಿ ದಾಟಿಯೇ ವಿಮಾನ ಹತ್ತಬೇಕು. ಸುತ್ತ ನಾಲ್ಕು ನಿಲ್ದಾಣಗಳಿವೆ: ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ, ಬಜಪೆಯ ಮಂಗಳೂರು ನಿಲ್ದಾಣ, ಮಂಡಕಳ್ಳಿಯ ಮೈಸೂರು ನಿಲ್ದಾಣ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ದಕ್ಷಿಣದ ತುದಿಯ ಕುಟ್ಟದವರು ವಯನಾಡು ಇಳಿದು ಕೋಳಿಕ್ಕೋಡಿನ ಕರಿಪುರಕ್ಕೂ ಹೋಗುವುದುಂಟು, ಆದರೆ ಕಣ್ಣೂರು ನಿಲ್ದಾಣ ಬಂದ ಮೇಲೆ ಅದರ ಅಗತ್ಯ ಕಡಿಮೆಯಾಗಿದೆ.

ಟಿಕೆಟ್ ಮಾರುವ ಜಾಲತಾಣಗಳು ಎರಡು ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ, ದರ ಇಷ್ಟನ್ನು ಎದುರಿಗಿಡುತ್ತವೆ. ಬೆಂಗಳೂರಿನಲ್ಲಿ ಮನೆಯಿರುವವರಿಗೆ ಅಷ್ಟು ಸಾಕು. ನಮಗೆ ಸಾಲದು. ನಮ್ಮ ಪ್ರಯಾಣದಲ್ಲಿ ಆಕಾಶದ ಪಾಲಿಗಿಂತ ಘಾಟಿಯ ಪಾಲು ದೊಡ್ಡದು. ಯಾವ ನಿಲ್ದಾಣ ಎಂಬುದನ್ನು ತೀರ್ಮಾನಿಸುವುದು ವಿಮಾನದ ವೇಗವಲ್ಲ. ನಿಮ್ಮ ಮನೆ ಕೊಡಗಿನ ಯಾವ ಮೂಲೆಯಲ್ಲಿದೆ, ಯಾವ ತಿಂಗಳು, ಎಷ್ಟು ಗಂಟೆಗೆ ಹೊರಡಬೇಕು ಎಂಬುದು.

ಆಕಾಶದ ಲೆಕ್ಕ

ಮೊದಲು ವಿಮಾನದ ದೂರವನ್ನೇ ನೋಡೋಣ. ಬೆಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,700 ಕಿ.ಮೀ. ಕಣ್ಣೂರಿನಿಂದ ಸುಮಾರು 2,590, ಮಂಗಳೂರಿನಿಂದ ಸುಮಾರು 2,460. ಮೂರರಲ್ಲಿ ಅತಿ ದೂರಕ್ಕೂ ಅತಿ ಹತ್ತಿರಕ್ಕೂ ಅಂತರ ಹೆಚ್ಚೆಂದರೆ 240 ಕಿ.ಮೀ. ಗಂಟೆಗೆ 800 ಕಿ.ಮೀ.ಗೂ ಮಿಕ್ಕಿ ಓಡುವ ಜೆಟ್ ವಿಮಾನಕ್ಕೆ ಅದು ಇಪ್ಪತ್ತು ನಿಮಿಷದೊಳಗಿನ ಮಾತು. ಮಂಗಳೂರಿನಿಂದ ಸುಮಾರು ಮೂರೂವರೆ ಗಂಟೆ, ಕಣ್ಣೂರಿನಿಂದ ಮೂರೂಮುಕ್ಕಾಲು, ಬೆಂಗಳೂರಿನಿಂದ ನಾಲ್ಕು ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು.

ಈ ನೇರ ದೂರವೆಂದರೆ ಭೂಮಿಯ ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಗಿಡ್ಡ ದಾರಿ. ಗೋಡೆಯ ನಕ್ಷೆಯಲ್ಲಿ ಅದು ಬಾಗಿದಂತೆ ಕಾಣುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿನಲ್ಲಿ ಇಳಿದದ್ದು ಇದೇ ಲೆಕ್ಕದಿಂದ. ಆದರೆ ವಿಮಾನಗಳು ಈ ಗೆರೆಯನ್ನು ಚಾಚೂ ತಪ್ಪದೆ ಹಿಡಿಯುವುದಿಲ್ಲ. ನಿಗದಿಯಾದ ವಾಯುಮಾರ್ಗಗಳಿವೆ, ಇಳಿಯುವಾಗ ರನ್‌ವೇಯ ದಿಕ್ಕಿಗೆ ತಕ್ಕಂತೆ ಸುತ್ತಬೇಕು. ಅದರ ಮೇಲೆ ಗಾಳಿಯೂ ಇದೆ. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಗಲ್ಫ್‌ಗೆ ಹೋಗುವ ಹಾರಾಟಕ್ಕಿಂತ ಅಲ್ಲಿಂದ ಊರಿಗೆ ಬರುವ ಹಾರಾಟ ಸ್ವಲ್ಪ ಬೇಗ ಮುಗಿಯುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಮೊದಲ ಸಲ ಹಾರುವವರು ಇಲ್ಲಿ ಗಲಿಬಿಲಿಯಾಗುತ್ತಾರೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 9ಕ್ಕೆ ಕಣ್ಣೂರು ಬಿಟ್ಟು 11:15ಕ್ಕೆ ದುಬೈ ಎಂದು ಬರೆದಿದ್ದರೆ ಪ್ರಯಾಣ ಎರಡೂಕಾಲು ಗಂಟೆಯದಲ್ಲ, ಮೂರೂಮುಕ್ಕಾಲು ಗಂಟೆಯದು. ಮರಳುವಾಗ ತಿರುಗುಮುರುಗು: ಮಧ್ಯಾಹ್ನ 12ಕ್ಕೆ ದುಬೈ ಬಿಟ್ಟು ಸಂಜೆ 5ಕ್ಕೆ ಕಣ್ಣೂರು ಎಂದಿದ್ದರೆ ಹಾರಾಟ ಮೂರೂವರೆ ಗಂಟೆ ಮಾತ್ರ. ಊರಿನಿಂದ ಕರೆತರಲು ಗಾಡಿ ಕಳಿಸುವವರು ಟಿಕೆಟ್ಟಿನ ಕೊನೆಯ ಹೊತ್ತನ್ನು ಮಾತ್ರ ನೋಡಿಕೊಂಡರೆ ಸಾಕು.

ದೇಶದೊಳಗಿನ ದೂರಗಳಲ್ಲಿ ಗಮನಿಸಬೇಕಾದದ್ದು ಬೇರೆ. ದೂರ ಮೂರನೇ ಒಂದಾದರೆ ಸಮಯವೂ ಮೂರನೇ ಒಂದಾಗುವುದಿಲ್ಲ. ಬೆಂಗಳೂರು–ಮುಂಬೈ ನೇರ ದೂರ ಸುಮಾರು 835 ಕಿ.ಮೀ., ಹಾರಾಟ ಒಂದೂಮುಕ್ಕಾಲು ಗಂಟೆಯ ಆಸುಪಾಸು. ಕಣ್ಣೂರು–ಬೆಂಗಳೂರು ಬರೀ 275 ಕಿ.ಮೀ., ಆದರೂ ಒಂದು ಗಂಟೆಗೆ ಕಡಿಮೆಯಿಲ್ಲ. ನೆಲದ ಮೇಲೆ ಉರುಳಿ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು ಎಲ್ಲ ಹಾರಾಟಕ್ಕೂ ಒಂದೇ ಥರ ಹೊತ್ತು ತಿನ್ನುತ್ತವೆ. ಜೊತೆಗೆ ಇಂಥ ಗಿಡ್ಡ ಮಾರ್ಗಗಳಲ್ಲಿ ಹಾರುವುದು ಹೆಚ್ಚಾಗಿ ಎಟಿಆರ್ 72. ರೆಕ್ಕೆಗೆ ಪಂಖವಿರುವ ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ, ವೇಗ ಗಂಟೆಗೆ 500 ಕಿ.ಮೀ. ಸುಮಾರು.

ನೆಲದ ಲೆಕ್ಕ

ಈಗ ರಸ್ತೆಗೆ ಬರೋಣ. ಮಡಿಕೇರಿಯಿಂದ ಕಣ್ಣೂರು ನಿಲ್ದಾಣ ಹಕ್ಕಿ ಹಾರುವ ದಾರಿಯಲ್ಲಿ 60 ಕಿ.ಮೀ., ರಸ್ತೆಯಲ್ಲಿ 90ರ ಆಸುಪಾಸು. ಮೈಸೂರಿನ ಮಂಡಕಳ್ಳಿ ಸುಮಾರು 125. ಮಂಗಳೂರಿನ ಬಜಪೆ ಸುಮಾರು 140. ದೇವನಹಳ್ಳಿ ಸುಮಾರು 290. ವಿರಾಜಪೇಟೆಯವರಿಗೆ ಕಣ್ಣೂರು ನಿಲ್ದಾಣ 60 ಕಿ.ಮೀ. ಅಷ್ಟೇ. ಮಡಿಕೇರಿಗೆ ಹೋಗಿ ಬಂದಷ್ಟೇ ದೂರ.

ಕಿಲೋಮೀಟರನ್ನು ಗಂಟೆಗೆ ತಿರುಗಿಸುವಾಗ ಬಯಲುಸೀಮೆಯ ಲೆಕ್ಕ ಬಿಟ್ಟುಬಿಡಿ. ಕಣ್ಣೂರು ದಾರಿಯ ಮಾಕುಟ್ಟ ಅಥವಾ ಮಂಗಳೂರು ದಾರಿಯ ಸಂಪಾಜೆ ಘಾಟಿಯಲ್ಲಿ ಗಂಟೆಗೆ 30–35 ಕಿ.ಮೀ. ಸಾಗಿದರೆ ಅದೇ ಹೆಚ್ಚು. ಮುಂದೆ ಮರದ ಲಾರಿ ಸಿಕ್ಕಿದರೆ ಇನ್ನೂ ಕಡಿಮೆ. ನಾನು ಇಟ್ಟುಕೊಳ್ಳುವ ಲೆಕ್ಕ ಇದು: ಒಣ ದಿನದಲ್ಲಿ, ಹಗಲಿನಲ್ಲಿ, ವಿರಾಜಪೇಟೆಯಿಂದ ಕಣ್ಣೂರು ನಿಲ್ದಾಣಕ್ಕೆ ಎರಡು ಗಂಟೆ, ಮಡಿಕೇರಿಯಿಂದ ಮೂರು. ಮಡಿಕೇರಿಯಿಂದ ಮಂಡಕಳ್ಳಿಗೆ ಮೂರೂಕಾಲು, ಬಜಪೆಗೆ ನಾಲ್ಕು, ದೇವನಹಳ್ಳಿಗೆ ಆರೂವರೆಯಿಂದ ಏಳು. ಕುಶಾಲನಗರದವರು ಮೈಸೂರು, ಬೆಂಗಳೂರು ಕಡೆಗೆ ಮುಕ್ಕಾಲು ಗಂಟೆ ಕಳೆಯಬಹುದು, ಮಂಗಳೂರು ಕಡೆಗೆ ಅಷ್ಟನ್ನೇ ಕೂಡಿಸಬೇಕು.

ಇದರ ಮೇಲೆ ನಿಲ್ದಾಣದ ಹೊತ್ತು. ದೇಶದೊಳಗಿನ ಹಾರಾಟಕ್ಕೆ ಎರಡು ಗಂಟೆ ಮೊದಲು, ವಿದೇಶಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಲಗೇಜ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಕಾಫಿಪುಡಿ, ಜೇನು, ಕಾಳುಮೆಣಸಿನ ಚೀಲ ಹೊತ್ತು ಹೋಗುವ ನಮ್ಮವರಿಗೆ ಬರೀ ಕೈಚೀಲದಲ್ಲಿ ಪ್ರಯಾಣ ಮುಗಿಸುವುದು ಕಷ್ಟ, ಹಾಗಾಗಿ ಆ ಕೌಂಟರಿನ ಹೊತ್ತೇ ನಿಜವಾದ ಗಡುವು.

ಕಣ್ಣೂರು

2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ನಿಲ್ದಾಣ ತೆರೆದಾಗ ದಕ್ಷಿಣ ಕೊಡಗಿನ ಪಾಲಿಗೆ ವಿಮಾನ ಪ್ರಯಾಣದ ದಿಕ್ಕೇ ಬದಲಾಯಿತು. ಅದುವರೆಗೆ ಗೋಣಿಕೊಪ್ಪ, ಪೊನ್ನಂಪೇಟೆ, ಸಿದ್ದಾಪುರದಿಂದ ಗಲ್ಫ್‌ಗೆ ಹೋಗುವವರು ಮಂಗಳೂರಿಗೋ ಕರಿಪುರಕ್ಕೋ ಬೆಂಗಳೂರಿಗೋ ಅರ್ಧ ದಿನ ಗಾಡಿಯಲ್ಲೇ ಕಳೆಯಬೇಕಿತ್ತು. ಇಲ್ಲಿನ ರನ್‌ವೇ 3,050 ಮೀಟರ್ ಉದ್ದ. ದೊಡ್ಡ ವಿಮಾನಗಳೂ ಇಳಿಯಬಲ್ಲ ಉದ್ದ ಅದು.

ದಾರಿ ಹೀಗೆ: ವಿರಾಜಪೇಟೆ, ಪೆರುಂಬಾಡಿ, ಅಲ್ಲಿಂದ ಮಾಕುಟ್ಟ ಘಾಟಿ ಇಳಿದು ಕೂಟುಪುಳ ಸೇತುವೆ, ಇರಿಟ್ಟಿ, ಮಟ್ಟನ್ನೂರು. ಗಡಿಯಲ್ಲಿ 2022ರಲ್ಲಿ ಹೊಸ ಸೇತುವೆ ಬಂದ ಮೇಲೆ ಹಳೆಯ ಕಿರಿದಾದ ಸೇತುವೆಯ ಕಾಯುವಿಕೆ ತಪ್ಪಿದೆ. ಸೇತುವೆ ದಾಟಿದ ಮೇಲೆ ಕೇರಳದ ರಸ್ತೆ ಅಗಲ, ನುಣುಪು. ಕಷ್ಟವಿರುವುದು ನಮ್ಮ ಕಡೆಯ ಘಾಟಿಯಲ್ಲಿ. ಬ್ರಹ್ಮಗಿರಿ ವನ್ಯಧಾಮದ ದಟ್ಟ ಕಾಡು, ಬಿಗಿ ತಿರುವು, ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ಬಂದರೆ ಬಂತು. ಆನೆ ದಾಟುವ ಜಾಗ. ಟಯರ್ ಪಂಕ್ಚರಾದರೆ ಸ್ಟೆಪ್ನಿಯಲ್ಲಿ ಗಾಳಿ ಇರಲೇಬೇಕು, ಇದನ್ನು ಹೊರಡುವ ಹಿಂದಿನ ದಿನವೇ ನೋಡಿಕೊಳ್ಳಿ.

ಬಸ್ಸಿನಲ್ಲಿ ಹೋಗುವವರಿಗೆ ವಿರಾಜಪೇಟೆಯಿಂದ ಇರಿಟ್ಟಿ ಮಾರ್ಗವಾಗಿ ಕಣ್ಣೂರು, ತಲಶ್ಶೇರಿ ಕಡೆಗೆ ಎರಡೂ ರಾಜ್ಯಗಳ ಸಾರಿಗೆ ಬಸ್ಸುಗಳಿವೆ. ಮಟ್ಟನ್ನೂರಿನಲ್ಲಿ ಇಳಿದರೆ ನಿಲ್ದಾಣ ಆಟೋ ದೂರ. ಟ್ಯಾಕ್ಸಿ ಮಾಡುವವರು ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಗಾಡಿಗೆ ಕೇರಳ ಪ್ರವೇಶದ ಪರ್ಮಿಟ್, ತೆರಿಗೆ ಆಗಿದೆಯೇ, ಆ ಹಣ ಬಾಡಿಗೆಯಲ್ಲಿ ಸೇರಿದೆಯೇ? ಗಡಿಯಲ್ಲಿ ನಿಂತು ಇದರ ಚರ್ಚೆ ಮಾಡುವುದಕ್ಕೆ ವಿಮಾನ ಕಾಯುವುದಿಲ್ಲ.

ಶ್ರೀಮಂಗಲ, ಕುಟ್ಟದವರಿಗೆ ಇನ್ನೊಂದು ದಾರಿ ಇದೆ: ತೋಲ್ಪೆಟ್ಟಿ, ಮಾನಂದವಾಡಿ, ಪಾಲ್‌ಚುರಂ ಘಾಟಿ ಇಳಿದು ಕೊಟ್ಟಿಯೂರು, ಪೇರಾವೂರು. ಘಾಟಿ ಇಲ್ಲೂ ಕಡಿದೇ. ಮಾಕುಟ್ಟ ಮುಚ್ಚಿದ ದಿನ ಕೈ ಹಿಡಿಯುವ ದಾರಿ ಎಂದು ನೆನಪಿಟ್ಟುಕೊಳ್ಳಿ.

ಕಣ್ಣೂರಿನ ಕೊರತೆ ವಿಮಾನಗಳ ಸಂಖ್ಯೆಯಲ್ಲಿದೆ. ವಿದೇಶಿ ಕಂಪನಿಗಳು ಇಲ್ಲಿಂದ ಪ್ರಯಾಣಿಕರನ್ನು ಒಯ್ಯಲು ಬೇಕಾದ ಅನುಮತಿ ಕೇಂದ್ರದಿಂದ ಸಿಕ್ಕದ ಕಾರಣ ಗಲ್ಫ್ ಮಾರ್ಗಗಳಲ್ಲಿ ಹಾರಿಕೊಂಡು ಬಂದದ್ದು ಭಾರತದ ಕಂಪನಿಗಳೇ, ಮುಖ್ಯವಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೋ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಹಾರಾಟ ನಿಲ್ಲಿಸಿದಾಗ ಕಣ್ಣೂರಿಗೆ ದೊಡ್ಡ ಪೆಟ್ಟು ಬಿತ್ತು. ಒಂದು ಹಾರಾಟ ರದ್ದಾದರೆ ಅದೇ ದಿನ ಇನ್ನೊಂದು ಸಿಗುತ್ತದೆಂಬ ಧೈರ್ಯ ಇಲ್ಲಿಲ್ಲ. ಹೀಗಿದ್ದರೂ ವಿರಾಜಪೇಟೆ, ಪೊನ್ನಂಪೇಟೆ ತಾಲ್ಲೂಕಿನವರು ಟಿಕೆಟ್ ಹುಡುಕುವಾಗ ಮೊದಲು ಕಣ್ಣೂರು ಎಂದೇ ಟೈಪ್ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಸಿಗದಿದ್ದರೆ ಮಾತ್ರ ಮುಂದಿನದು.

ಮಂಗಳೂರು

ಬಜಪೆ ಹಳೆಯ ನಿಲ್ದಾಣ, 1951ರಿಂದ ಇದೆ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ, ಉದ್ದ 2,450 ಮೀಟರ್. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ತೀರಿಕೊಂಡದ್ದನ್ನು ಕರಾವಳಿಯವರೂ ನಾವೂ ಮರೆತಿಲ್ಲ. ಅದೇ ಕಾರಣಕ್ಕೆ ಇವತ್ತಿಗೂ ಕೆಲವರು ಮಂಗಳೂರು ಬೇಡ ಎನ್ನುತ್ತಾರೆ. ಆ ಭಯದಿಂದ ಬೆಂಗಳೂರಿಗೆ ಹೋಗಿ ಎರಡೂವರೆ, ಮೂರು ಗಂಟೆ ಹೆಚ್ಚು ರಸ್ತೆಯಲ್ಲಿ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿ ನಿದ್ದೆಗೆಟ್ಟ ಚಾಲಕನ ಜೊತೆ ಹೆದ್ದಾರಿಯಲ್ಲಿ ಸಾಗುವ ಅಪಾಯವನ್ನೂ ತಕ್ಕಡಿಗೆ ಹಾಕಬೇಕು.

ಮಳೆಗಾಲದಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಾದರೆ ವಿಮಾನಗಳನ್ನು ಬೇರೆ ನಿಲ್ದಾಣಕ್ಕೆ ತಿರುಗಿಸುವುದು ಇಲ್ಲಿ ಅಪರೂಪವಲ್ಲ. ಪೈಲಟ್ ಎಚ್ಚರ ವಹಿಸಿದ್ದಕ್ಕೆ ಅದು ಗುರುತು, ಆದರೆ ನಿಮ್ಮನ್ನು ಕರೆದೊಯ್ಯಲು ಬಜಪೆಯಲ್ಲಿ ಕಾಯುವ ಗಾಡಿಗೆ ಪೇಚಾಟ.

ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ.ರೋಡು. ಮಂಗಳೂರು ಪೇಟೆಗೆ ನುಗ್ಗದೆ ಬಿ.ಸಿ.ರೋಡಿನಿಂದ ಪೊಳಲಿ, ಕೈಕಂಬ ಮೂಲಕ ಬಜಪೆ ಸೇರುವ ಒಳದಾರಿ ಕಾರಿಗೆ ಒಳ್ಳೆಯದು, ನಂತೂರು ವೃತ್ತದ ಗದ್ದಲ ತಪ್ಪುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಬಿಜೈ ನಿಲ್ದಾಣದಲ್ಲಿ ಇಳಿದು ಮತ್ತೆ ಟ್ಯಾಕ್ಸಿ ಹಿಡಿಯಬೇಕು. ಸೋಮವಾರಪೇಟೆ, ಕೊಡ್ಲಿಪೇಟೆಯವರು ಮಡಿಕೇರಿಗೆ ಬರದೆ ಸಕಲೇಶಪುರ, ಶಿರಾಡಿ ಘಾಟಿ ಮೂಲಕವೂ ಇಳಿಯಬಹುದು.

ಮಂಗಳೂರಿನ ನಿಜವಾದ ಬಲ ಮುಂಬೈ. ನೇರ ದೂರ ಸುಮಾರು 715 ಕಿ.ಮೀ., ಹಾರಾಟ ಒಂದೂವರೆ ಗಂಟೆ. ಮಡಿಕೇರಿಯ ಮನೆಯಿಂದ ಲೆಕ್ಕ ಹಾಕಿದರೆ ರಸ್ತೆ ನಾಲ್ಕು, ನಿಲ್ದಾಣ ಎರಡು, ಹಾರಾಟ ಒಂದೂವರೆ, ಒಟ್ಟು ಏಳೂವರೆ ಗಂಟೆ. ಬೆಂಗಳೂರಿನ ಮೂಲಕ ಹೋದರೆ ಹತ್ತು ದಾಟುತ್ತದೆ. ಮುಂಬೈಯಿಂದ ಯುರೋಪ್‌ಗೋ ಅಮೆರಿಕಕ್ಕೋ ಮುಂದುವರಿಯುವ ಟಿಕೆಟ್ ಸಿಕ್ಕಿದರೆ ಮಡಿಕೇರಿಯವರು ಈ ದಾರಿಯನ್ನು ತಳ್ಳಿಹಾಕಬಾರದು.

ಮೈಸೂರು

ಇದರ ಬಗ್ಗೆ ಹೇಳುವುದು ಕಡಿಮೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ, ಹಾಗಾಗಿ ಎಟಿಆರ್‌ನಂಥ ಸಣ್ಣ ವಿಮಾನಗಳಿಗೇ ಸೀಮಿತ. ಉದ್ದ ಮಾಡಬೇಕೆಂಬ ಯೋಜನೆ ವರ್ಷಗಳಿಂದ ಇದೆ, ಪಕ್ಕದಲ್ಲೇ ನಂಜನಗೂಡಿನ ಹೆದ್ದಾರಿ, ರೈಲು ಮಾರ್ಗ ಇರುವುದರಿಂದ ಅದು ಸುಲಭದ ಕೆಲಸವಲ್ಲ. ಇಲ್ಲಿಂದ ಹಾರುವ ಊರುಗಳ ಪಟ್ಟಿ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಹೈದರಾಬಾದ್, ಚೆನ್ನೈ ನಡುವೆ ಹೆಚ್ಚು ಕಾಲ ಸೇವೆ ಇದ್ದಿದೆ. ಹೈದರಾಬಾದಿಗೆ ನೇರ ದೂರ ಸುಮಾರು 590 ಕಿ.ಮೀ., ಎಟಿಆರ್‌ಗೆ ಒಂದೂಮುಕ್ಕಾಲು ಗಂಟೆ. ಚೆನ್ನೈ ಸುಮಾರು 390. ನಿಮ್ಮ ದಿನಕ್ಕೆ ಹಾರಾಟ ಇದ್ದರೆ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿಯವರಿಗೆ ಇದಕ್ಕಿಂತ ನೆಮ್ಮದಿಯ ನಿಲ್ದಾಣವಿಲ್ಲ. ಘಾಟಿ ಇಲ್ಲ, ಜನಜಂಗುಳಿ ಇಲ್ಲ, ಗೇಟಿನಿಂದ ವಿಮಾನದವರೆಗೆ ವಯಸ್ಸಾದವರೂ ನಿಧಾನವಾಗಿ ನಡೆಯಬಹುದಾದಷ್ಟೇ ದೂರ. ದರ ಸ್ವಲ್ಪ ಹೆಚ್ಚಾದರೂ ಅಪ್ಪ ಅಮ್ಮನನ್ನು ಕಳಿಸುವುದಾದರೆ ನಾನು ಮಂಡಕಳ್ಳಿಯನ್ನೇ ಹುಡುಕುತ್ತೇನೆ.

ಬೆಂಗಳೂರು

ದೇವನಹಳ್ಳಿಯಿಂದ ಹಾರದ ಊರು ಕಡಿಮೆ, ಹಾಗಾಗಿ ಕಡೆಗೆ ಬಹಳ ಜನ ಅಲ್ಲಿಗೇ ಹೋಗುತ್ತಾರೆ. ದರ ಕಡಿಮೆ, ಒಂದು ವಿಮಾನ ತಪ್ಪಿದರೆ ಇನ್ನೊಂದಿದೆ, ದೂರದ ದೇಶಗಳಿಗೆ ನೇರ ಹಾರಾಟಗಳಿವೆ. ಗುವಾಹಟಿ, ಜಮ್ಮು, ಶ್ರೀನಗರದ ಕಡೆ ಹೊರಟ ಸೈನಿಕರಿಗೆ ದೆಹಲಿ ಮೂಲಕ ಮುಂದಿನ ಹಾರಾಟ ಜೋಡಿಸಿಕೊಳ್ಳಲು ಇಲ್ಲಿ ಇರುವಷ್ಟು ಆಯ್ಕೆ ಬೇರೆಡೆ ಇಲ್ಲ. ದೆಹಲಿಗೆ ನೇರ ದೂರ ಸುಮಾರು 1,710 ಕಿ.ಮೀ., ಹಾರಾಟ ಮೂರು ಗಂಟೆಗೆ ಸ್ವಲ್ಪ ಕಡಿಮೆ.

ಆದರೆ ಮಡಿಕೇರಿಯಿಂದ ನಿಲ್ದಾಣಕ್ಕೆ ಹೋಗುವುದೇ ದೆಹಲಿಯ ಹಾರಾಟದ ಎರಡು ಪಟ್ಟು ಹೊತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಆ 119 ಕಿ.ಮೀ. ಬೇಗ ಮುಗಿಯುತ್ತದೆ, ಟೋಲ್ ಕಟ್ಟಿದರೂ ಪರವಾಗಿಲ್ಲ ಅನಿಸುತ್ತದೆ. ಉಳಿಸಿದ ಹೊತ್ತನ್ನು ಕೆಂಗೇರಿಯಿಂದ ಹೆಬ್ಬಾಳದವರೆಗಿನ ನಗರ ನುಂಗುತ್ತದೆ. ಸಂಜೆ ಐದರಿಂದ ಒಂಬತ್ತರ ನಡುವೆ ಬೆಂಗಳೂರು ದಾಟಬೇಕಾಗಿ ಬಂದರೆ ಒಂದೂವರೆ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಮೈಸೂರು–ಕುಶಾಲನಗರ ಚತುಷ್ಪಥದ ಕೆಲಸ ನಡೆಯುವ ಕಡೆಗಳಲ್ಲೂ ತಡವಾಗುತ್ತದೆ.

ಶನಿವಾರಸಂತೆ, ಸೋಮವಾರಪೇಟೆಯವರು ಮೈಸೂರಿಗೆ ಹೋಗಲೇಬೇಕಾಗಿಲ್ಲ. ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಹೆದ್ದಾರಿ ಹಿಡಿದು, ನೆಲಮಂಗಲದ ಸುತ್ತ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ರಸ್ತೆಗೆ ತಿರುಗಿ ದೇವನಹಳ್ಳಿ ಸೇರಿದರೆ ಬೆಂಗಳೂರು ನಗರವನ್ನೇ ಮುಟ್ಟಬೇಕಿಲ್ಲ. ಉತ್ತರ ಕೊಡಗಿಗೆ ಬೆಂಗಳೂರನ್ನು ಹತ್ತಿರ ಮಾಡಿದ ದಾರಿ ಇದು, ಇನ್ನೂ ಬಹಳ ಮಂದಿ ಬಳಸುತ್ತಿಲ್ಲ.

ಬಸ್ಸಿನವರಿಗೆ ಮೈಸೂರಿನಿಂದ ನೇರ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಮೆಜೆಸ್ಟಿಕ್‌ನಲ್ಲಿ ಲಗೇಜ್ ಎಳೆದಾಡುವ ಕೆಲಸ ತಪ್ಪುತ್ತದೆ. ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ. 2023ರ ಸೆಪ್ಟೆಂಬರ್‌ನಿಂದ ವಿದೇಶ ಹಾರಾಟಗಳೆಲ್ಲ ಎರಡನೇ ಟರ್ಮಿನಲ್‌ನಿಂದ. ದೇಶದೊಳಗಿನವು ಕಂಪನಿಯ ಮೇಲೆ ಅವಲಂಬಿಸಿ ಒಂದರಲ್ಲೋ ಎರಡರಲ್ಲೋ ಇರುತ್ತವೆ. ಟಿಕೆಟ್ಟಿನಲ್ಲಿ ಟರ್ಮಿನಲ್ ಸಂಖ್ಯೆ ನೋಡಿ ಚಾಲಕನಿಗೆ ಮೊದಲೇ ಹೇಳಿ. ನವೆಂಬರ್‌ನಿಂದ ಜನವರಿಯವರೆಗೆ ಬೆಳಗಿನ ಮಂಜು ಇಲ್ಲಿ ಹಾರಾಟಗಳನ್ನು ತಡ ಮಾಡುತ್ತದೆ, ನಸುಕಿನ ವಿಮಾನಕ್ಕೆ ಮುಂದಿನ ಸಂಪರ್ಕ ಹಾರಾಟ ಬಿಗಿಯಾಗಿ ಜೋಡಿಸಬೇಡಿ.

ದುಬೈ ಲೆಕ್ಕ, ಮನೆ ಬಾಗಿಲಿನಿಂದ

ವಿರಾಜಪೇಟೆಯಿಂದ ಕಣ್ಣೂರಿನ ಮೂಲಕ: ರಸ್ತೆ ಎರಡು ಗಂಟೆ, ನಿಲ್ದಾಣ ಮೂರು, ಹಾರಾಟ ಮೂರೂಮುಕ್ಕಾಲು. ಒಟ್ಟು ಎಂಟೂಮುಕ್ಕಾಲು. ಅದೇ ಮನೆಯಿಂದ ಮಂಗಳೂರಿನ ಮೂಲಕ ಹನ್ನೊಂದೂವರೆ. ಬೆಂಗಳೂರಿನ ಮೂಲಕ ಹದಿನಾಲ್ಕು. ಆಕಾಶದಲ್ಲಿ ಮಂಗಳೂರೇ ದುಬೈಗೆ ಹತ್ತಿರ, ಆದರೂ ವಿರಾಜಪೇಟೆಯವರಿಗೆ ಅದು ಎರಡನೆಯ ಆಯ್ಕೆ.

ಮಡಿಕೇರಿಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ಕಣ್ಣೂರಿನ ಮೂಲಕ ಒಂಬತ್ತೂಮುಕ್ಕಾಲು, ಮಂಗಳೂರಿನ ಮೂಲಕ ಹತ್ತೂವರೆ. ಅಂತರ ಮುಕ್ಕಾಲು ಗಂಟೆ ಮಾತ್ರ. ಇಲ್ಲಿ ದರ ನೋಡಿ, ಹಾರಾಟದ ಹೊತ್ತು ನೋಡಿ ಆರಿಸಿಕೊಳ್ಳಬಹುದು. ಬೆಂಗಳೂರು ಹದಿಮೂರೂವರೆ. ಅಲ್ಲಿ ಟಿಕೆಟ್ ಎರಡು ಸಾವಿರ ಕಡಿಮೆ ಎಂದು ಕಂಡರೂ ಟ್ಯಾಕ್ಸಿ ಹೋಗಿ ಬರುವ ಬಾಡಿಗೆ, ಟೋಲ್, ದಾರಿಯ ಊಟ, ಬೇಕಾದರೆ ಒಂದು ರಾತ್ರಿಯ ಲಾಡ್ಜ್ ಕೂಡಿಸಿ ನೋಡಿ. ಒಬ್ಬರೇ ಹೋಗುವಾಗ ಆ ಉಳಿತಾಯ ಉಳಿಯುವುದಿಲ್ಲ. ನಾಲ್ವರ ಕುಟುಂಬವಾದರೆ ಟ್ಯಾಕ್ಸಿ ಖರ್ಚು ಹಂಚಿಹೋಗುವುದರಿಂದ ಬೆಂಗಳೂರು ಅಗ್ಗವಾಗಬಹುದು. ಕುಶಾಲನಗರದ ಆಚೆಯವರಿಗೆ ಬೆಂಗಳೂರಿನ ಪರ ಇನ್ನಷ್ಟು ವಾದಗಳಿವೆ.

ದೂರದ ದೇಶಕ್ಕೆ ಹೋಗುವ ದಕ್ಷಿಣ ಕೊಡಗಿನವರಿಗೆ ಕಣ್ಣೂರಿನಿಂದ ಬೆಂಗಳೂರಿಗೆ ಎಟಿಆರ್ ಹಿಡಿದು ಅಲ್ಲಿಂದ ಮುಂದೆ ಹಾರುವ ದಾರಿಯೂ ಇದೆ. ರಸ್ತೆ ಎರಡು, ನಿಲ್ದಾಣ ಎರಡು, ಹಾರಾಟ ಒಂದು: ಒಟ್ಟು ಐದು ಗಂಟೆಯಲ್ಲಿ ದೇವನಹಳ್ಳಿಯಲ್ಲಿರುತ್ತೀರಿ. ಕಾರಿನಲ್ಲಿ ಏಳು ಬೇಕು. ಆದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ ಇದ್ದರೆ ಮಾತ್ರ ಹೀಗೆ ಮಾಡಿ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಎರಡನೆಯ ಕಂಪನಿಗೆ ನಿಮ್ಮ ಜವಾಬ್ದಾರಿ ಇರುವುದಿಲ್ಲ, ಲಗೇಜನ್ನೂ ಇಳಿಸಿಕೊಂಡು ಮತ್ತೆ ಕೊಡಬೇಕು.

ಕಕ್ಕಡದ ಮಳೆಯಲ್ಲಿ

ಮೇಲಿನ ಗಂಟೆಗಳೆಲ್ಲ ಒಣ ದಿನದವು. ನವೆಂಬರ್, ಡಿಸೆಂಬರ್‌ನ ಪುತ್ತರಿ ಹಬ್ಬಕ್ಕೆ ಊರಿಗೆ ಬಂದು ಹೋಗುವವರಿಗೆ ಅವು ಸರಿಹೋಗುತ್ತವೆ. ಜೂನ್ ಮಧ್ಯದಿಂದ, ಅದರಲ್ಲೂ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ), ಅವನ್ನು ನಂಬಬೇಡಿ. 2018ರ ಮಳೆಗಾಲದಲ್ಲಿ ಮಾಕುಟ್ಟ ರಸ್ತೆ ಕುಸಿದು ಸಂಚಾರ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬೆಟ್ಟಗಳೇ ಜಾರಿ ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿತು, ಮನೆ ಮಠ ಕಳೆದುಕೊಂಡವರ ನೋವು ಇನ್ನೂ ಹಸಿಯಾಗಿದೆ. 2024ರ ಜುಲೈನಲ್ಲಿ ಕರ್ತೋಜಿ ಬಳಿ ಬರೆ ಕುಸಿಯುವ ಭಯದಿಂದ ಆ ಹೆದ್ದಾರಿಯಲ್ಲಿ ಕೆಲವು ದಿನ ರಾತ್ರಿ ಸಂಚಾರವನ್ನೇ ನಿಲ್ಲಿಸಿದ್ದರು.

ಹಾಗಾಗಿ ಮಳೆಗಾಲದ ನಿಯಮ ಬೇರೆ. ಪಶ್ಚಿಮದ ಎರಡು ನಿಲ್ದಾಣಗಳಿಗೆ ಹೋಗುವುದಾದರೆ ಹಗಲಲ್ಲೇ ಘಾಟಿ ಇಳಿದುಬಿಡಿ. ನಸುಕಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ಇರಿಟ್ಟಿ, ಮಟ್ಟನ್ನೂರು ಅಥವಾ ಪುತ್ತೂರು, ಬಿ.ಸಿ.ರೋಡಿಗೆ ಹೋಗಿ ತಂಗಿ. ಜಿಲ್ಲಾಡಳಿತದ ಆದೇಶವನ್ನು ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಭಾರಿ ವಾಹನಗಳಿಗೆ ಮಾತ್ರ ನಿಷೇಧವೋ ಎಲ್ಲಕ್ಕೂವೋ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಸಂಪಾಜೆ ಮುಚ್ಚಿದರೆ ಭಾಗಮಂಡಲ, ಕರಿಕೆ, ಪಾಣತ್ತೂರು ಮೂಲಕ ಸುಳ್ಯಕ್ಕೆ ಇಳಿಯುವ ಸಣ್ಣ ದಾರಿ ಇದೆ, ಕಾರಿಗೆ ಆದೀತು, ಆದರೆ ಎರಡು ಗಂಟೆ ಹೆಚ್ಚಿಗೆ ಬೇಕು. ವೀಸಾ ಅವಧಿ ಮುಗಿಯುವುದರೊಳಗೆ, ಅಥವಾ ರಜೆ ಮುಗಿದು ಇಂಥ ದಿನವೇ ಹಾಜರಾಗಬೇಕು ಎಂಬ ಪ್ರಯಾಣವಾದರೆ ಜುಲೈ, ಆಗಸ್ಟ್‌ನಲ್ಲಿ ಮೈಸೂರು ಅಥವಾ ಬೆಂಗಳೂರನ್ನೇ ಆರಿಸಿ. ಪೂರ್ವದ ಕಡೆಗೆ ಘಾಟಿಯಿಲ್ಲ. ದೂರ ಹೆಚ್ಚು, ಆದರೆ ತಲುಪುತ್ತೀರಿ.

ತುರ್ತಾಗಿ ಊರಿಗೆ ಬರುವವರಿಗೆ

ಮನೆಯಲ್ಲಿ ಸಾವಾಗಿ, ಅಥವಾ ಹಿರಿಯರು ಆಸ್ಪತ್ರೆ ಸೇರಿ, ದೂರದಿಂದ ಓಡಿ ಬರುವವರಿಗೆ ನಿಲ್ದಾಣ ಆರಿಸುವ ವ್ಯವಧಾನವೂ ಇರುವುದಿಲ್ಲ. ಅವರ ಪರವಾಗಿ ಊರಿನಲ್ಲಿರುವವರು ಈ ಲೆಕ್ಕ ಮಾಡಿಕೊಡಬೇಕು. ಇಲ್ಲಿ ಹತ್ತಿರದ ನಿಲ್ದಾಣಕ್ಕಿಂತ ಮೊದಲು ಹೊರಡುವ ವಿಮಾನ ಮುಖ್ಯ. ಗಲ್ಫ್‌ನಿಂದಾದರೆ ಕಣ್ಣೂರು, ಮಂಗಳೂರು, ಕೋಳಿಕ್ಕೋಡು ಮೂರನ್ನೂ ಒಟ್ಟಿಗೆ ಹುಡುಕಿ, ಮೊದಲು ಇಳಿಯುವುದನ್ನು ಹಿಡಿಯಲಿ. ಕೋಳಿಕ್ಕೋಡಿನಿಂದಲೂ ವಿರಾಜಪೇಟೆಗೆ ಬೆಂಗಳೂರಿನಿಂದ ಬರುವುದಕ್ಕಿಂತ ಬೇಗ ಬರಬಹುದು. ದೆಹಲಿ, ಮುಂಬೈ ಕಡೆಯಿಂದಾದರೆ ಕಣ್ಣೂರು, ಮಂಗಳೂರಿನ ಹಾರಾಟಕ್ಕೆ ನಾಳೆಯವರೆಗೆ ಕಾಯುವ ಬದಲು ಇವತ್ತಿನ ಬೆಂಗಳೂರು ವಿಮಾನ ಹತ್ತಲಿ. ಊರಿನಿಂದ ಗಾಡಿ ಕಳಿಸುವ ಬದಲು ನಿಲ್ದಾಣದಲ್ಲೇ ಟ್ಯಾಕ್ಸಿ ಮಾಡಿದರೆ ಚಾಲಕನಿಗೂ ಆಯಾಸವಿಲ್ಲದ ಪ್ರಯಾಣ.

ಇಳಿದ ಮೇಲಿನ ದಾರಿ

ಹೋಗುವ ದಾರಿ ಯೋಚಿಸಿದಷ್ಟು ಬರುವ ದಾರಿಯನ್ನು ಯೋಚಿಸುವವರು ಕಡಿಮೆ. ರಿಟರ್ನ್ ಟಿಕೆಟ್ ಆರಿಸುವಾಗ ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ, ಅದಕ್ಕೆ ಮುಕ್ಕಾಲು ಗಂಟೆ ಸೇರಿಸಿ (ವಿದೇಶದಿಂದಾದರೆ ಇಮಿಗ್ರೇಷನ್, ಕಸ್ಟಮ್ಸ್, ಲಗೇಜ್ ಎಲ್ಲ ಸೇರಿ ಒಂದೂವರೆ ಗಂಟೆ) ಘಾಟಿಯ ಬುಡಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಎಣಿಸಿ. ಕಣ್ಣೂರಿನಲ್ಲಿ ಮಧ್ಯಾಹ್ನ 2ಕ್ಕೆ ಇಳಿದರೆ ಬೆಳಕಿರುವಾಗಲೇ ವಿರಾಜಪೇಟೆ. ಸಂಜೆ 6ಕ್ಕೆ ಇಳಿದರೆ ಮಾಕುಟ್ಟದ ಕಾಡು ಕತ್ತಲಲ್ಲಿ ಸಿಗುತ್ತದೆ. ರಾತ್ರಿ 1ಕ್ಕೆ ಇಳಿದರೆ ನಿಲ್ದಾಣದಲ್ಲೇ ಕೂತು ಬೆಳಗಾಗುವವರೆಗೆ ಕಾಯುವುದು ಜಾಣತನ. ಬೆಳಗಿನ ಎಂಟಕ್ಕೆ ಮನೆಯಲ್ಲಿರಬಹುದು.

ಬೆಂಗಳೂರಿನಲ್ಲಿ ಇದು ತಲೆಕೆಳಗು. ರಾತ್ರಿ 11ಕ್ಕೋ 12ಕ್ಕೋ ಇಳಿದರೆ ನಗರ ಖಾಲಿ, ಎಕ್ಸ್‌ಪ್ರೆಸ್‌ವೇ ಖಾಲಿ, ಐದೂವರೆ ಗಂಟೆಯಲ್ಲೇ ಮಡಿಕೇರಿ ಸೇರಬಹುದು. ಆದರೆ ಆ ಹೊತ್ತಿಗೆ ಗಾಡಿ ಓಡಿಸುವವರು ಹಗಲು ಮಲಗಿ ಎದ್ದವರಾಗಿರಲಿ. ಕುಟ್ಟದ ಕಡೆಯವರು ಹುಣಸೂರಿನಿಂದ ನಾಗರಹೊಳೆ ಕಾಡಿನ ರಸ್ತೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದರ ಗೇಟು ಸಂಜೆ 6ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆರೆಯುವುದು. ತಿತಿಮತಿ, ಗೋಣಿಕೊಪ್ಪ ಸುತ್ತಿಕೊಂಡು ಹೋಗಬೇಕು, ಚಾಲಕನಿಗೆ ಅದನ್ನು ಬೆಂಗಳೂರು ಬಿಡುವ ಮೊದಲೇ ಹೇಳಿಡಿ.